ಹಿಡಿಯಕ್ಕನ ಬಾಗಿದ ಹಿಡಿ

ಮೇಲಿನ ಇಳಿಜಾರಿನಲ್ಲಿ ಢಂ ಎಂದಿತು.

ಹಿಡಿಯಕ್ಕ ಕೆಲಸ ನಿಲ್ಲಿಸಲಿಲ್ಲ. ಅರವನ್ನು ಮರದ ಮೇಲೆ ಆಡಿಸುತ್ತಲೇ ‘ಅಣ್ಣ’ ಎಂದುಕೊಂಡಳು. ‘ಬಿತ್ತು ಹಂದಿ.’ ಆ ಸದ್ದು ಎದುರಿನ ಗುಡ್ಡಕ್ಕೆ ಬಡಿದು ಮರಳಿ ಬರುವಷ್ಟರಲ್ಲಿ ಇನ್ನೊಂದು ಸಲ ಢಂ ಎಂದಿತು.

ಅರ ಅವಳ ಕೈಯಲ್ಲೇ ನಿಂತಿತು.

ಅದು ಊರು ಎನ್ನುವಷ್ಟು ದೊಡ್ಡದೇನಲ್ಲ. ಬೆಟ್ಟ ಹತ್ತುತ್ತ ಬಂದ ರಸ್ತೆ ಸುಸ್ತಾಗಿ ಕೂತುಬಿಟ್ಟ ಜಾಗ. ಕೆಲವು ಮನೆಗಳು, ಒಂದು ಅಂಗಡಿ, ಆಲೂಗಡ್ಡೆ ಹೊಲಗಳು, ಹೊಲದ ಬೆನ್ನಿಗೇ ಕಾಡು. ಹಿಮ ಬಿದ್ದು ರಸ್ತೆ ಮುಚ್ಚಿತೆಂದರೆ ಅದು ತೆರೆಯುವವರೆಗೆ ಹಲ್ಲು ನೋವಾದರೂ ತಾವೇ ಕೀಳಬೇಕು, ಮಾಡು ಸೋರಿದರೂ ತಾವೇ ಹತ್ತಬೇಕು, ಮಾಂಸ ಬೇಕೆಂದರೆ ಹಿಮ ಬೀಳುವ ಮೊದಲೇ ಬಂದೂಕು ಎತ್ತಬೇಕು. ಹಾಗಾಗಿ ಅಲ್ಲಿ ಮನೆಗೊಂದು ಬಂದೂಕು, ಬಂದೂಕಿಗೊಂದು ಪರವಾನಗಿ, ಮತ್ತು ಪ್ರತಿಯೊಂದಕ್ಕೂ ಅದರದೇ ಒಂದು ದನಿ. ಪಕ್ಕದ ಮನೆಯವರ ಕೆಮ್ಮು ಗುರುತು ಹಿಡಿಯುವ ಹಾಗೆ ಅಲ್ಲಿಯ ಜನ ಈಡಿನ ಸದ್ದನ್ನು ಗುರುತು ಹಿಡಿಯುತ್ತಿದ್ದರು. ಹಿಡಿಯಕ್ಕನ ಅಣ್ಣನದು ಜೋಡು ನಳಿಗೆಯ ಬಂದೂಕು. ಆದರೆ ಅದು ಮಾತಾಡುತ್ತಿದ್ದದ್ದು ಒಂದೇ ಸಲ. ಎರಡನೆಯ ನಳಿಗೆಯಲ್ಲಿ ಜೇಡ ಸಂಸಾರ ಹೂಡಿದೆ ಎಂದು ಜನ ನಗೆಯಾಡುತ್ತಿದ್ದರು. ಅವನನ್ನು ಕರೆಯುತ್ತಿದ್ದದ್ದೇ ‘ಒಂದೀಡು’ ಎಂದು.

ಒಂದೀಡಿನ ಬಂದೂಕು ಎರಡು ಸಲ ಕೂಗಿತೆಂದರೆ ಇಡೀ ಜಾಗಕ್ಕೆ ಕೇಳಿಸಿರುತ್ತದೆ. ಬಟ್ಟೆ ಹಿಂಡುತ್ತಿದ್ದವರು ಹಿಂಡುವುದನ್ನು ಬಿಟ್ಟಿರುತ್ತಾರೆ, ಉಪ್ಪು ತೂಗುತ್ತಿದ್ದ ಅಂಗಡಿಯವ ತಕ್ಕಡಿ ಕೆಳಗಿಟ್ಟಿರುತ್ತಾನೆ. ಹಿಡಿಯಕ್ಕ ಅದನ್ನು ಕಣ್ಣಾರೆ ಕಂಡಂತೆ ಊಹಿಸಿದಳು.

ಅವಳು ಮಾಡುತ್ತಿದ್ದದ್ದು ಬಂದೂಕಿನ ಹಿಡಿ. ಭುಜಕ್ಕೆ ಆನಿಸಿ, ಕೆನ್ನೆಗೆ ಒತ್ತಿ ಗುರಿ ಹಿಡಿಯುತ್ತಾರಲ್ಲ, ಆ ಮರದ ಭಾಗ. ಹೆಸರು ಬಂದದ್ದೂ ಅದರಿಂದಲೇ, ಆದರೆ ಆ ಹೆಸರಿಗೆ ಒಂದು ಊಟದ ಮೇಜು ಬಲಿಯಾಗಿತ್ತು. ಲಂಗ ತೊಡುವ ವಯಸ್ಸಿನಲ್ಲಿ ಅಪ್ಪನ ಬಂದೂಕನ್ನು ಊರುಗೋಲು ಮಾಡಿಕೊಂಡು ಹಳ್ಳ ದಾಟಹೋಗಿ, ಅದರ ಹಿಡಿಯನ್ನು ಕೊರಳಿನ ಹತ್ತಿರ ಲಟಕ್ಕನೆ ಮುರಿದಿದ್ದಳು. ಅಪ್ಪ ಆಗ ದೂರದಲ್ಲಿದ್ದ. ಹುಡುಗಿ ಹೆದರಿಕೆಯಲ್ಲಿ ಊಟದ ಮೇಜಿನ ಒಂದು ಕಾಲನ್ನು ಗರಗಸದಿಂದ ಕತ್ತರಿಸಿ, ಚಾಕುವಿನಿಂದ ಕೆತ್ತಿ, ನಳಿಗೆಗೆ ಕೂರಿಸಿ, ಮೇಜಿನ ಕೆಳಗೆ ಕಲ್ಲುಗಳನ್ನು ಪೇರಿಸಿಟ್ಟಳು. ಅಪ್ಪ ಬಂದ, ಊಟಕ್ಕೆ ಕೂತ, ಮೊಣಕೈ ಊರಿದ. ತಟ್ಟೆ ಜಾರಿ ತೊಡೆಯ ಮೇಲೆ ಬಂತು. ಅವನು ಮೇಜಿನ ಕೆಳಗೆ ಬಗ್ಗಿ ನೋಡಿದ. ಎದ್ದು ಹೋಗಿ ಗೋಡೆಯ ಬಂದೂಕನ್ನೂ ನೋಡಿದ. ಭುಜಕ್ಕೇರಿಸಿದ, ಇಳಿಸಿದ, ಮತ್ತೆ ಏರಿಸಿದ.

“ಮೊದಲಿನದಕ್ಕಿಂತ ಚೆನ್ನಾಗಿ ಕೂರುತ್ತಲ್ಲೇ ಇದು! ಸರಿ, ಮೇಜಿಗೆ ಕಾಲು ಯಾರು ಹಾಕ್ತಾರೆ?”

ಅವತ್ತಿನಿಂದ ಅವಳು ಮರ ಬಿಟ್ಟು ಬೇರೆ ಕೆಲಸ ಹಿಡಿಯಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ “ಅಳತೆಗೆ ಸರಿಯಾದೋನು ಸಿಗಲಿಲ್ಲ” ಎಂದು ನಗುತ್ತಿದ್ದಳು. ಅಣ್ಣನ ಮನೆಯ ಅಂಗಳದಾಚೆ ಹಳೆಯ ದನದ ಕೊಟ್ಟಿಗೆಯಿತ್ತು. ಅದಕ್ಕೊಂದು ದೊಡ್ಡ ಕಿಟಕಿ ಕೊರೆಸಿ ಅಲ್ಲೇ ಕೆಲಸ, ಅಲ್ಲೇ ಒಂದು ಮೂಲೆಯಲ್ಲಿ ಮಂಚ. ಗೋಡೆಗೆ ಒರಗಿ ಅಕ್ರೋಟು ಮರದ ಹಲಗೆಗಳು, ಸೀಳಬಾರದೆಂದು ತುದಿಗೆ ಮೇಣ ಬಳಿಸಿಕೊಂಡು, ವರ್ಷಗಟ್ಟಲೆ ಒಣಗುತ್ತ ನಿಂತಿರುತ್ತಿದ್ದವು. ಅಗಸೆ ಎಣ್ಣೆಯ ವಾಸನೆ ಅವಳ ತಲೆದಿಂಬಿಗೂ ಹತ್ತಿತ್ತು.

ಹಿಡಿಗೂ ಮನುಷ್ಯರ ಹಾಗೆ ಕೊರಳಿದೆ, ಕೆನ್ನೆಯಿದೆ, ಹಿಮ್ಮಡಿಯಿದೆ ಎನ್ನುತ್ತಿದ್ದಳು ಹಿಡಿಯಕ್ಕ. ಅದನ್ನು ಹೊರುವವರ ಕೊರಳಿಗೂ ಕೆನ್ನೆಗೂ ಅದು ಹೊಂದಬೇಕು. ಬಂದವರನ್ನು ಕಿಟಕಿಯ ಮುಂದೆ ನಿಲ್ಲಿಸಿ, ಬಂದೂಕನ್ನು ಬಿಚ್ಚಿಸಿ, ನಳಿಗೆ ಖಾಲಿಯೆಂದು ತಾನೂ ಒಮ್ಮೆ ಬೆರಳಿಟ್ಟು ನೋಡಿ, ಆಮೇಲೆ ಹೇಳುವಳು: “ಕಣ್ಣು ಮುಚ್ಚು. ಬಂದೂಕು ಎತ್ತು. ಹಾ, ಈಗ ಕಣ್ಣು ಬಿಡು.” ಅವರು ಕಣ್ಣು ಬಿಟ್ಟಾಗ ಇವಳು ಎದುರಿಗೆ ಬಗ್ಗಿ, ನಳಿಗೆಯ ಉದ್ದಕ್ಕೂ ಹಿಂದಕ್ಕೆ ಕಣ್ಣು ಹಾಯಿಸುವಳು. ನಳಿಗೆಯ ಆ ತುದಿಯಲ್ಲಿ, ದಿಬ್ಬದ ಹಿಂದಿನಿಂದ ಸೂರ್ಯ ಇಣುಕಿದ ಹಾಗೆ ಅವರ ಬಲಗಣ್ಣು ಕಾಣಬೇಕು. ಕಂಡರೆ ಹಿಡಿ ಸರಿ; ಕಾಣದಿದ್ದರೆ ಮತ್ತೆ ಅರ, ಮತ್ತೆ ಉಳಿ.

ಅವಳ ಹಿಡಿ ಬಾಗಿತ್ತೆಂದು ಯಾರೂ ಹೇಳಿದ್ದಿಲ್ಲ. ಗುಡ್ಡದಾಚೆಯವರೂ ಬೆನ್ನ ಮೇಲೆ ಬಂದೂಕು ಹೊತ್ತು, ದಾರಿಯಲ್ಲಿ ತಂಗಿ ಬರುತ್ತಿದ್ದದ್ದು ಆ ಒಂದು ನೆಚ್ಚಿಗೆಯಿಂದ.

ಎರಡನೆಯ ಈಡಾಗಿ ಸ್ವಲ್ಪ ಹೊತ್ತಿಗೆ ಒಂದೀಡು ಕೊಟ್ಟಿಗೆಯ ಬಾಗಿಲಿಗೆ ಬಂದ. ಅವನ ಹಿಂದೆಯೇ, ಅವನಿಗಿಂತ ಮುಂದೆ ಬಾಯಿಯನ್ನು ಕಳಿಸಿಕೊಂಡು, ಅಂಗಡಿಯವ ಬಂದ. ಅಂಗಡಿಯವನಿಗೆ ಆ ಜಾಗದಲ್ಲಿ ರೇಡಿಯೊ ಎಂದು ಹೆಸರು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲರ ಕಿವಿಗೂ ಬಿದ್ದಿರುತ್ತಿತ್ತು.

“ಹಿಡಿಯಕ್ಕಾ, ನಿಮ್ಮಣ್ಣ ಇವತ್ತು ನನ್ನ ಹೊಲದ ನೀರಿನ ಡ್ರಮ್ಮನ್ನ ಬೇಟೆಯಾಡಿದ! ನೆಟ್ಟಗೆ ಹೊಟ್ಟೆಗೇ ಹೊಡೆದಿದಾನೆ. ಪಾಪ, ಅದಕ್ಕೆ ಓಡೋಕೂ ಆಗಲಿಲ್ಲ.”

“ಹಂದಿ?”

“ಹಂದಿ ನಿಂತು ನೋಡ್ತು. ನೀರು ಸೋರೋದನ್ನ ನೋಡಿ, ಬಾಯಾರಿಕೆ ಇಲ್ಲ ಅಂತ ಹೊರಟುಹೋಯ್ತು.”

ಒಂದೀಡು ನಗಲಿಲ್ಲ. ಬಂದೂಕನ್ನು ಅವಳ ಕೆಲಸದ ಮಣೆಯ ಮೇಲಿಟ್ಟ. ಅವಳ ಮುಖ ನೋಡದೆ ಹೇಳಿದ: “ಹಿಡಿ ಬಾಗಿದೆ.”

“ಏನು?”

“ನೀನು ಮಾಡಿದ್ದು. ಬಾಗಿದೆ. ಈಡು ಎಡಕ್ಕೆ ಹೋಗ್ತಿದೆ.”

ಹಿಡಿಯಕ್ಕನ ಕಿವಿಯ ತುದಿ ಬಿಸಿಯಾಯಿತು. ಇನ್ನೊಬ್ಬರು ಅಂದಿದ್ದರೆ ಅರದಲ್ಲೇ ಉತ್ತರ ಕೊಡುತ್ತಿದ್ದಳೇನೋ. ಅಣ್ಣ! ಈ ಹಿಡಿಗೆಂದು ಅವಳು ತನ್ನ ಹಲಗೆಗಳಲ್ಲೆಲ್ಲ ಚೆಂದದ್ದನ್ನು ಆರಿಸಿದ್ದಳು, ತುಪ್ಪದಲ್ಲಿ ಹೊಗೆ ಸುಳಿದಂಥ ಗೆರೆಗಳಿದ್ದದ್ದನ್ನು. ನೂಲು ತೆಗೆದು ನಳಿಗೆಯ ಮೂತಿಯಿಂದ ಹಿಮ್ಮಡಿಯವರೆಗೆ ಎಳೆದು ಹಿಡಿದಳು. ನೂಲು ಒಂದು ಕೂದಲೂ ಆಚೀಚೆಯಾಗಲಿಲ್ಲ.

“ನಿಲ್ಲು ಇಲ್ಲಿ. ನೀನೇ ನಿಲ್ಲು. ರೇಡಿಯೊ, ನೀನೂ ನೋಡು. ಕಣ್ಣು ಮುಚ್ಚಣ್ಣ.”

ಅವನು ಹಿಂದೆಮುಂದೆ ನೋಡಿದ. ರೇಡಿಯೊ ಎದುರಿಗೆ ಇಲ್ಲವೆನ್ನುವಂತಿರಲಿಲ್ಲ. ಬಂದೂಕು ಬಿಚ್ಚಿ ಎರಡೂ ನಳಿಗೆ ತೋರಿಸಿದ, ಮುಚ್ಚಿದ, ಕಣ್ಣು ಮುಚ್ಚಿ ಭುಜಕ್ಕೇರಿಸಿದ. ಎಷ್ಟೋ ವರ್ಷಗಳ ಅಭ್ಯಾಸ. ಹಕ್ಕಿ ಗೂಡಿಗೆ ಬಂದು ಕೂತ ಹಾಗೆ ಹಿಡಿ ಅವನ ಕೆನ್ನೆಗೆ ಬಂದು ಕೂತಿತು.

“ಬಿಡು ಕಣ್ಣು.”

ಹಿಡಿಯಕ್ಕ ಬಗ್ಗಿ ನೋಡಿದಳು. ನಳಿಗೆಯ ಆ ತುದಿಯಲ್ಲಿ ಅಣ್ಣನ ಬಲಗಣ್ಣು, ಎಲ್ಲಿರಬೇಕೋ ಅಲ್ಲೇ ಇತ್ತು. ಗೆದ್ದೆ ಎಂದು ಬಾಯಿ ತೆರೆದವಳು ಇನ್ನಷ್ಟು ಹತ್ತಿರ ಬಗ್ಗಿದಳು. ಆ ಕಣ್ಣು ತೆರೆದಿತ್ತು, ಆದರೆ ಅವಳ ಮೇಲಿರಲಿಲ್ಲ. ಅವಳು ತಲೆಯನ್ನು ಸ್ವಲ್ಪ ಸರಿಸಿದಳು, ಕಣ್ಣು ಹಿಂಬಾಲಿಸಲಿಲ್ಲ. ಒಂದು ಬೆರಳೆತ್ತಿ ಅದರ ಮುಂದೆ ಆಡಿಸಿದಳು. ಮನೆಯವರು ಬಿಟ್ಟುಹೋದ ಮನೆಯ ಕಿಟಕಿಯ ಹಾಗೆ ಅದು ಸುಮ್ಮನೆ ತೆರೆದುಕೊಂಡಿತ್ತು. ನಳಿಗೆಯ ಪಕ್ಕದಿಂದ ಎಡಗಣ್ಣು ಮಾತ್ರ ಅವಳ ಬೆರಳನ್ನು ನೋಡಿತು, ಅವಳನ್ನು ನೋಡಿತು, ಮತ್ತು ಚಿಕ್ಕಂದಿನಲ್ಲಿ ತಾನು ಬೆಲ್ಲ ಕದ್ದದ್ದನ್ನು ಅಪ್ಪನಿಗೆ ಹೇಳಬೇಡವೆನ್ನುತ್ತಿದ್ದಾಗಿನ ಅದೇ ನೋಟದಲ್ಲಿ ಬೇಡಿಕೊಂಡಿತು.

“ಏನಾಯ್ತು ಅಕ್ಕಾ? ನೆಟ್ಟಗಿದ್ಯಾ, ಬಾಗಿದ್ಯಾ?” ರೇಡಿಯೊ ಕತ್ತು ಉದ್ದ ಮಾಡಿದ.

ನೆಟ್ಟಗಿದೆ ಎಂದರೆ ಮುಗಿಯಿತು. ಹಿಡಿ ನೆಟ್ಟಗಿದ್ದರೆ ಬಾಗಿದ್ದು ಮತ್ತೇನು ಎಂಬ ಪ್ರಶ್ನೆ ಅಂಗಡಿಯ ಕಟ್ಟೆಗೆ ಹೋಗುತ್ತದೆ. ಆ ಜಾಗದಲ್ಲಿ ಕಣ್ಣು ಮಂಜಾದವರನ್ನು ಯಾರೂ ಬೈಯುತ್ತಿರಲಿಲ್ಲ. ಬೇಟೆಯ ದಿನ ಅವರ ಕೈಗೆ ಒಂದು ಖಾಲಿ ಡಬ್ಬ, ಒಂದು ಕೋಲು ಕೊಟ್ಟು, ಪೊದೆ ಬಡಿದು ಹಂದಿ ಎಬ್ಬಿಸುವವರ ಸಾಲಿಗೆ ಪ್ರೀತಿಯಿಂದಲೇ ಕಳಿಸುತ್ತಿದ್ದರು. ಆ ಸಾಲಿಗೆ ಹೋದವರಾರೂ ಮರಳಿ ಬಂದೂಕು ಹಿಡಿದಿರಲಿಲ್ಲ. ಅಣ್ಣ ಡಬ್ಬ ಬಡಿಯುತ್ತಿರುವುದನ್ನು ಅವಳು ಒಂದು ಕ್ಷಣ ಕಂಡಳು.

“ಬಾಗಿದೆ,” ಎಂದಳು.

“ಆಂ?”

“ನನ್ನದೇ ತಪ್ಪು. ಮರ ಹಸಿ ಇತ್ತು ಅಂತ ಕಾಣ್ಸುತ್ತೆ. ಹೊಸದು ಮಾಡ್ಕೊಡ್ತೀನಿ.” ಆಮೇಲೆ ಅಣ್ಣನ ಕಡೆ ತಿರುಗಿ, ಇನ್ನೊಂದೇ ದನಿಯಲ್ಲಿ ಹೇಳಿದಳು: “ಅಲ್ಲೀವರೆಗೆ ಬಂದೂಕು ಇಲ್ಲೇ ಇರುತ್ತೆ. ಇವತ್ತು ಡ್ರಮ್ಮು, ನಾಳೆ ಯಾರೋ. ಕೇಳಿಸ್ತಾ?”

“ಕೇಳಿಸ್ತು,” ಎಂದ ಒಂದೀಡು, ಬಾಗಿಲ ಕಡೆ ನೋಡುತ್ತ.

ರೇಡಿಯೊ ಸುದ್ದಿ ಬಿತ್ತರಿಸಿದ. ಸೀಮೆಎಣ್ಣೆಯ ಜೊತೆಗೆ, ಬೆಂಕಿಪೊಟ್ಟಣದ ಜೊತೆಗೆ, ಏನೂ ಕೊಳ್ಳದೆ ಸುಮ್ಮನೆ ಬಂದು ನಿಂತವರಿಗೂ ಅದನ್ನು ಕೊಟ್ಟು ಕಳಿಸಿದ: ಹಿಡಿಯಕ್ಕನ ಹಿಡಿ ಬಾಗಿತಂತೆ, ಅವಳೇ ಒಪ್ಪಿಕೊಂಡಳಂತೆ, ಅದೂ ಸ್ವಂತ ಅಣ್ಣನದು! ಗುಡ್ಡದಾಚೆಯಿಂದ ಬಂದು ಬಂದೂಕು ಬಿಟ್ಟುಹೋಗಿದ್ದ ಒಬ್ಬ, “ಅರ್ಜೆಂಟೇನಿಲ್ಲ, ಆಮೇಲೆ ತರ್ತೀನಿ” ಎಂದು ವಾಪಸ್ಸು ಒಯ್ದ. ಇನ್ನೊಬ್ಬ ತನ್ನ ಹಳೆಯ ಹಿಡಿಯನ್ನು ಅವಳ ಕಣ್ಣೆದುರೇ ನೂಲು ಹಿಡಿದು ನೋಡಿಕೊಂಡ. ನೂಲು ಹಿಡಿಯುವ ರೀತಿಯೂ ಸರಿಯಿರಲಿಲ್ಲ. ಅವಳೇ ಕೈ ತಿದ್ದಿ ತೋರಿಸಿಕೊಟ್ಟಳು.

ಕುರಿ ಸಾಕುವ ಹೆಂಗಸು ಬಂದದ್ದು ಹೆಚ್ಚು ನೋಯಿಸಿತು. ತೋಳಗಳ ಕಾಟಕ್ಕೆ ಬಂದೂಕು ಇಟ್ಟುಕೊಂಡಿದ್ದ ಅವಳು ಗಿಡ್ಡ ಕೊರಳಿನವಳು. ಯಾವ ಹಿಡಿಯೂ ಕೆನ್ನೆಗೆ ಒಗ್ಗದೆ ಪ್ರತಿ ಈಡಿಗೂ ದವಡೆಗೆ ಪೆಟ್ಟು ತಿನ್ನುತ್ತಿದ್ದಳು. ಅವಳಿಗಾಗಿ ಹಿಡಿಯಕ್ಕ ಕೆನ್ನೆ ತಗ್ಗಿಸಿ ಮಾಡಿದ ಹಿಡಿ ಎಣ್ಣೆ ಬಳಿಯುವುದೊಂದು ಬಿಟ್ಟು ಎಲ್ಲ ಮುಗಿದಿತ್ತು. ಹೆಂಗಸು ಮೊದಲು ಮೋಡದ ವಿಷಯ ಮಾತಾಡಿದಳು, ಆಮೇಲೆ ಉಣ್ಣೆಯ ವಿಷಯ, ಆಮೇಲೆ ತನ್ನ ಸೊಸೆಯ ಸೊಂಟನೋವು. ಕೊನೆಗೆ ಸೆರಗಿನ ತುದಿ ಸುತ್ತುತ್ತ, “ನನ್ನ ಬಂದೂಕಿಗೆ ಸದ್ಯಕ್ಕೆ ಹಳೇದೇ ಇರಲಿ ಅನ್ಕೊಂಡೆ ಅಕ್ಕಾ. ಬೇಜಾರಿಲ್ಲ ತಾನೆ?” ಎಂದಳು.

“ಯಾಕೆ ಬೇಜಾರು? ದವಡೆ ನಿನ್ನದು.”

ಹಾಗೆಂದು ನಕ್ಕಳು. ಆ ಹೆಂಗಸು ಹೋದ ಮೇಲೆ ಮುಗಿದ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ, ಮಲಗಿದ ಮಗುವನ್ನು ಎತ್ತಿಡುವ ಹಾಗೆ ಅಟ್ಟದ ಮೇಲಿಟ್ಟಳು.

ಇನ್ನು ಅತ್ತಿಗೆ. ಅಂಗಳದಲ್ಲಿ ಬಟ್ಟೆ ಹರವುತ್ತ, ಹಗ್ಗದ ಮೇಲಿನ ಹಚ್ಚಡದ ಆಚೆಗೆ ನಿಂತು, ಮುಖ ತೋರಿಸದೆ ಅಂದಳು: “ಆ ಮನುಷ್ಯ ಹುಟ್ಟಿದಾಗಿಂದ ಎರಡನೇ ಈಡು ಹೊಡೆದೋರಲ್ಲ. ಊರೆಲ್ಲ ನಗೋ ಹಾಗಾಯ್ತು. ಒಂದು ಮರದ ತುಂಡನ್ನ ನೆಟ್ಟಗೆ ಕೆತ್ತೋಕೆ ಆಗಲಿಲ್ವಾ ನಿನಗೆ, ಅದೂ ನಿಮ್ಮಣ್ಣಂಗೆ?”

ಹಿಡಿಯಕ್ಕ ಹಚ್ಚಡವನ್ನು ಹಗ್ಗದಿಂದ ಇಳಿಸಿದಳು. ಒಂದು ತುದಿ ಹಿಡಿದು ಕೊಡವಲು ಕೈ ಕೊಟ್ಟಳು.

ಕೊಡವುತ್ತ ಕೊಡವುತ್ತ ಅತ್ತಿಗೆಯ ಸಿಟ್ಟು ಇಳಿಯಿತು. “ಊಟ ಸೇರ್ತಿಲ್ಲ ಅವರಿಗೆ. ಮೊನ್ನೆ ಲೋಟಕ್ಕೆ ನೀರು ಬಗ್ಗಿಸೋಕೆ ಹೋಗಿ ಪಕ್ಕಕ್ಕೆ ಬಗ್ಗಿಸಿದ್ರು, ಅದಕ್ಕೂ ನನ್ನ ಮೇಲೇ ರೇಗಿದ್ರು. ಆಲೂಗಡ್ಡೆ ನೆಡೋ ಹೊತ್ತಲ್ಲಿ ಬೂಟು ತರ್ತೀನಿ ಅಂತ ಪಟ್ಟಣಕ್ಕೆ ಹೋದೋರು ಬರಿಗೈಲಿ ಬಂದ್ರಲ್ಲ, ಅವತ್ತಿಂದಾನೇ ಒಂಥರಾ ಇದಾರೆ. ಬೂಟು ಸಿಗದಿದ್ರೆ ಇಷ್ಟೊಂದು ಕೊರಗ್ತಾರಾ?”

“ಬೂಟಿಗೆ ಹೋಗಿದ್ನಾ?”

“ಹಾಗಂತ ಅಂದ್ರು.”

ಪಟ್ಟಣದಲ್ಲಿ ಬೂಟಿನ ಅಂಗಡಿಗಳಿಗೇನು ಬರವೇ? ಕಣ್ಣಿನ ಡಾಕ್ಟರೂ ಅದೇ ಬೀದಿಯಲ್ಲಿದ್ದರು. ಹಿಡಿಯಕ್ಕ ಹಚ್ಚಡವನ್ನು ಹಗ್ಗದ ಮೇಲೆ ಹಾಕಿ, ಅದರ ಸುಕ್ಕನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿದ್ದುತ್ತ ನಿಂತಳು. ಆಲೂಗಡ್ಡೆ ನೆಟ್ಟಾಗಿನಿಂದ ಈಗ ಅಗೆಯುವವರೆಗೆ ಅಣ್ಣ ಇದನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದ್ದಾನೆ.

ಎಡಗಣ್ಣಿದೆ, ಸರಿ. ಎಡ ಭುಜಕ್ಕೆ ಬಂದೂಕು ಕೊಟ್ಟರೆ ಆಯಿತೆನ್ನಬಹುದು. ಆದರೆ ಮಾಡು ರಿಪೇರಿ ಮಾಡಲು ಹತ್ತಿ ಬಿದ್ದು ಎಡ ಭುಜದ ಎಲುಬು ಮುರಿದಾಗ ರಸ್ತೆ ಮುಚ್ಚಿತ್ತು. ಮನೆಯವರೇ ಹಲಗೆ ಕಟ್ಟಿ ಕೂಡಿಸಿದ್ದರು. ಎಲುಬು ಕೂಡಿತು, ತನಗೆ ಬೇಕಾದ ಹಾಗೆ ಕೂಡಿತು. ಆ ಭುಜ ಬಂದೂಕಿನ ಒದೆತ ತಡೆಯುವಂಥದ್ದಲ್ಲ.

ಅವಳು ಕೊಟ್ಟಿಗೆಯಲ್ಲಿ ಬಂದೂಕನ್ನು ಮುಂದಿಟ್ಟುಕೊಂಡು ಕೂತಳು. ಬಾಗಿದೆ. ಬಾಯಿಂದ ಹೊರಬಿದ್ದ ಆ ಸುಳ್ಳು ಕೊಟ್ಟಿಗೆ ಬಿಟ್ಟು ಹೋಗಿರಲಿಲ್ಲ. ದುಂಬಿಯ ಹಾಗೆ ಗುಂಯ್‌ಗುಡುತ್ತ ಅಲ್ಲೇ ಸುತ್ತುತ್ತಿತ್ತು. ಬಾಗಿದೆ, ಬಾಗಿದೆ. ಬಾಗಿದ್ದರೆ? ನಿಜಕ್ಕೂ ಬಾಗಿದ್ದರೆ ಏನಾಗುತ್ತಿತ್ತು? ಹಿಮ್ಮಡಿ ಬಲ ಭುಜದಲ್ಲೇ ಇದ್ದು, ಕೊರಳು ಮಾತ್ರ ಎಡಕ್ಕೆ ಹೊರಳಿದ್ದರೆ, ನಳಿಗೆ ಕೆನ್ನೆ ದಾಟಿ, ಮೂಗಿನ ಬುಡ ದಾಟಿ...

ಹಿಡಿಯಕ್ಕ ಎದ್ದು ನಿಂತಳು. ಕನ್ನಡಿಯೆದುರು ಹೋಗಿ ಸೌದೆಯೊಂದನ್ನು ಭುಜಕ್ಕೆ ಆನಿಸಿ, ಎಡಗಣ್ಣಿನಿಂದ ನೋಡಲು ಕತ್ತು ಕೊಂಕಿಸಿ ಕೊಂಕಿಸಿ ನೋಡಿಕೊಂಡಳು. ಕನ್ನಡಿಯಲ್ಲಿ ಕಂಡದ್ದು ಜಗಳವಾಡುವ ಬಾತುಕೋಳಿ. ಅವಳಿಗೆ ನಗು ಬಂತು. ಬಾಗಬೇಕಾದದ್ದು ಕತ್ತಲ್ಲ, ಮರ.

ಆದರೆ ಬಾಗಿದ ಮರ ಎಲ್ಲಿದೆ? ನೆಟ್ಟಗಿನ ಹಲಗೆಯನ್ನು ಅಷ್ಟು ಓರೆಯಾಗಿ ಕೆತ್ತಿದರೆ ಎಳೆ ಕತ್ತರಿಸಿಹೋಗಿ, ಮೊದಲ ಈಡಿಗೇ ಕೊರಳು ಮುರಿಯುತ್ತದೆ. ಬೆಳೆಯುವಾಗಲೇ ಬಾಗಿದ್ದು ಬೇಕು, ಒಳಗಿನ ಎಳೆಯೂ ಬಾಗಿನ ಜೊತೆಗೇ ಹೊರಳಿದ್ದು. ಆಯುಷ್ಯವಿಡೀ ಅಂಥವನ್ನು ಎತ್ತಿ ಎಸೆದವಳು ಅವಳೇ. ಕೊಂಕಿದ್ದು ಕಂಡರೆ ಸಾಕು, “ಒಲೆಗೆ” ಎನ್ನುವಳು. ತನ್ನ ಒಲೆಗೆ ಹೆಚ್ಚಾದದ್ದನ್ನು ರೇಡಿಯೊನ ಅಂಗಡಿಯ ಅಗ್ಗಿಷ್ಟಿಕೆಗೆ ಕೊಟ್ಟುಬಿಡುತ್ತಿದ್ದಳು.

ಅಂಗಡಿಯ ಹಿಂದಿನ ಸೌದೆಮನೆಯಲ್ಲಿ ಅವಳು ಮೊಣಕಾಲೂರಿ ಕೂತು ಸೌದೆ ಕೆದಕುತ್ತಿದ್ದಾಗ ರೇಡಿಯೊ ಬಾಗಿಲಿಗೆ ಒರಗಿ ನಿಂತ.

“ಕೊಟ್ಟಿದ್ದನ್ನ ವಾಪಸ್ಸು ಕೇಳೋಕೆ ಬಂದ್ಯಾ?”

“ಒಂದೇ ಒಂದು ತುಂಡು. ಅಕ್ರೋಟಿನ ಬುಡದ್ದು, ಬೇರು ಹೊರಳೋ ಹತ್ತಿರದ್ದು. ಕೊಟ್ಟಿದ್ದೆ ನಿನಗೆ. ಸುಟ್ಟುಹಾಕಿದ್ಯಾ?”

“ಬಾಗಿರೋದನ್ನ ಮಾಡಿ ಹೆಸರು ಕಳ್ಕೊಂಡಿದೀಯ. ಈಗ ಬಾಗಿರೋದನ್ನೇ ಹುಡುಕ್ತಾ ಇದೀಯ. ತಲೆ ನೆಟ್ಟಗಿದ್ಯಾ ಅಕ್ಕಾ, ಅದೂ ಬಾಗಿದ್ಯಾ?”

“ನಿನ್ನ ನಾಲಿಗೆ ಒಂದು ನೆಟ್ಟಗಿದೆ, ಸಾಕು ಬಿಡು.”

ತುಂಡು ಸಿಕ್ಕಿತು. ಅದು ತೀರ ಗಂಟುಗಂಟಾಗಿದ್ದರಿಂದ ಅಗ್ಗಿಷ್ಟಿಕೆಯ ಬಾಯಿಗೆ ಹಿಡಿಸದೆ ಬದುಕಿಕೊಂಡಿತ್ತು. ಅವನ ಸೌದೆಮನೆಯ ಮಾಡಿನಡಿ ಚೆನ್ನಾಗಿ ಒಣಗಿತ್ತು ಕೂಡ. ಅವಳು ಅದನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಸೆರಗಿನಡಿ ಇಟ್ಟುಕೊಂಡು ಹೊರಟಳು.

ಆ ಹಿಡಿ ಅವಳನ್ನು ಅಳಿಸಿತು. ಅವಳ ಕೈ ಅಷ್ಟು ವರ್ಷ ಕಲಿತದ್ದೆಲ್ಲ ನೆಟ್ಟಗೆ ಮಾಡುವುದನ್ನು. ಉಳಿ ಹಿಡಿದರೆ ಸಾಕು, ಬಾಗನ್ನು ತಿದ್ದಿಬಿಡಲು ಕೈ ತಾನಾಗಿ ಹೋಗುತ್ತಿತ್ತು. ಅದನ್ನು ಮಗುವಿನ ಕೈಗೆ ಹೊಡೆದ ಹಾಗೆ ಬೈದು ಹಿಂದಕ್ಕೆಳೆಯುತ್ತಿದ್ದಳು. ಅಣ್ಣನನ್ನು ಕರೆದು ಅಳತೆ ನೋಡಲಿಲ್ಲ. ಅವನ ಮುಖ ಅವಳಿಗೆ ಬಾಯಿಪಾಠ. ಕೊರಳನ್ನು ಬಿಸಿ ಎಣ್ಣೆಯ ಬಟ್ಟೆಯಲ್ಲಿ ಸುತ್ತಿ, ಇನ್ನಷ್ಟು ಬಗ್ಗಿಸಿ, ಬಿಗಿದು ಹಿಡಿಯುವ ಮರದ ಗೂಟಗಳ ನಡುವೆ ತಣಿಯಲು ಬಿಟ್ಟಳು. ಬಿಚ್ಚಿದಾಗ ಅದು ಬಾಗಿದಲ್ಲೇ ನಿಂತಿತ್ತು. ಬಂದೂಕಿಗೆ ಕೂರಿಸಿದಾಗ ಕಂಡದ್ದು ಒಂದು ವಿಚಿತ್ರ ಪ್ರಾಣಿ. ನಳಿಗೆ ಒಂದು ದಿಕ್ಕಿಗೆ ಹೋಗುತ್ತಿದ್ದರೆ ಹಿಡಿ ಏನೋ ಮರೆತುಬಂದ ಹಾಗೆ ಇನ್ನೊಂದು ದಿಕ್ಕಿಗೆ ತಿರುಗಿಕೊಂಡಿತ್ತು.

ಮಧ್ಯಾಹ್ನ ಅಣ್ಣನನ್ನು ಕರೆದಳು. ಬಾಗಿಲು ಮುಂದೆ ಮಾಡಿದಳು.

ಒಂದೀಡು ಬಂದೂಕನ್ನು ನೋಡಿದ. ಹೊರಳಿಸಿ ನೋಡಿದ. “ಇದೇನಿದು?”

“ಬಾಗಿದೆ ಬಾಗಿದೆ ಅಂದ್ಯಲ್ಲ. ತಗೋ, ಬಾಗಿರೋದು.”

“ಅಣಕಿಸ್ತಿದೀಯಾ?”

“ಕಣ್ಣು ಮುಚ್ಚಣ್ಣ.”

ಅವನು ನಳಿಗೆ ಬಿಚ್ಚಿ ತೋರಿಸಿ, ಮುಚ್ಚಿ, ಕಣ್ಣು ಮುಚ್ಚಿಕೊಂಡ. ಭುಜಕ್ಕೇರಿಸಿದಾಗ ಹಿಡಿ ಅವನ ಕೆನ್ನೆಗೆ ತಾಗಿತು, ಅವನ ಹುಬ್ಬು ಗಂಟಾಯಿತು, ಮತ್ತೆ ಮೆಲ್ಲಗೆ ಬಿಚ್ಚಿಕೊಂಡಿತು. ಅವಳು ಎದುರಿಗೆ ಬಗ್ಗಿದಳು. ಖಾಲಿ ಬಂದೂಕಿನ ಮುಂದೆ ನಿಂತು ಅವಳು ಹೆದರಿದ್ದು ಅದೇ ಮೊದಲು.

“ಬಿಡು.”

ನಳಿಗೆಯ ಆ ತುದಿಯಲ್ಲಿ ಎಡಗಣ್ಣು ತೆರೆಯಿತು. ನೇರ ಅವಳನ್ನೇ ನೋಡಿತು. ಬಹಳ ಹೊತ್ತು ನೋಡಿತು.

“ನಿನ್ನ ಮೂಗಿನ ಮೇಲೆ ಮರದ ಪುಡಿ ಕೂತಿದೆ,” ಎಂದ ಅಣ್ಣ.

ಅವಳು ಮೂಗು ಒರೆಸಿಕೊಂಡಳು, ಕಣ್ಣನ್ನೂ ಒರೆಸಿಕೊಂಡಳು. ಅವನು ಬಂದೂಕನ್ನು ಇಳಿಸಿ ಮಣೆಯ ಮೇಲಿಟ್ಟು, ಬಾಗನ್ನು ಬೆರಳಲ್ಲಿ ಸವರುತ್ತ ನಿಂತ. ಆಮೇಲೆ ಗೋಡೆಗೆ ಹೇಳುವವನ ಹಾಗೆ ಹೇಳಿದ:

“ಪಟ್ಟಣದಲ್ಲಿ ಬೂಟು ಕೇಳ್ದೆ. ಒಂದು ಕಾಲಿಂದು ಇನ್ನು ಸಿಗಲ್ಲವಂತೆ. ಎಲ್ಲಿಗೆ ಹೋದ್ರೂ ಸಿಗಲ್ಲವಂತೆ.”

“ಇನ್ನೊಂದು ಕಾಲಿಂದು?”

“ಗಟ್ಟಿಯಾಗಿದೆಯಂತೆ. ಸಾಯೋವರೆಗೂ ಬಾಳಿಕೆ ಬರುತ್ತಂತೆ.”

“ಮತ್ತೇನು? ಒಂದು ಬೂಟಲ್ಲಿ ನಡೆಯೋದು ಕಲಿಬೇಕು. ಮೊದಲು ಡಬ್ಬ ಹೊಡಿ, ಕೊರಕಲಲ್ಲಿ, ಹಿಂದೆ ಮಣ್ಣಿನ ಗೋಡೆ ಇರೋ ಕಡೆ. ನಾನು ಸರಿ ಅನ್ನೋವರೆಗೆ ಕಾಡಿಗೆ ಹೋಗೋ ಹಾಗಿಲ್ಲ. ಅತ್ತಿಗೆ ಮೇಲೆ ಆಣೆ.”

“ಅವಳ ಮೇಲೆ ಯಾಕೆ? ನಿನ್ನ ಮೇಲೆ ಇಡು.”

“ನನ್ನ ಮೇಲೆ ಆಣೆಯಿಟ್ಟು ನೀನು ಬೆಲ್ಲ ತಿಂದಿದ್ದು ಮರೆತಿಲ್ಲ.”

ಅವನು ನಕ್ಕ. ಆಲೂಗಡ್ಡೆ ನೆಟ್ಟಾಗಿನಿಂದ ಆ ಅಂಗಳ ಕೇಳದ ನಗು ಅದು. ಹೊರಗೆ ಅತ್ತಿಗೆ ಕೈಯಲ್ಲಿದ್ದ ತಂಬಿಗೆಯನ್ನು ಹಾಗೇ ಹಿಡಿದುಕೊಂಡು ಕೊಟ್ಟಿಗೆಯ ಕಡೆ ತಿರುಗಿದಳು.

ಹಲವು ದಿನ ಕೊರಕಲಿನಿಂದ ಸದ್ದು ಬರುತ್ತಲೇ ಇತ್ತು. ಹೊಸ ಹಿಡಿಯನ್ನು ಪಳಗಿಸುತ್ತಿದ್ದಾರೆಂದು ರೇಡಿಯೊ ಸುದ್ದಿ ಕೊಟ್ಟ. ಮೊದಮೊದಲು ಡಬ್ಬಗಳು ಬಾಯಿ ತೆರೆದು ನಗುತ್ತ ಕೂತಿದ್ದವು. ಆಮೇಲೆ ಒಂದೊಂದೇ ಹಾರತೊಡಗಿದವು. ಹಿಡಿಯಕ್ಕ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, ಕೆನ್ನೆಗೆ ಎಲ್ಲಿ ಒತ್ತುತ್ತಿದೆ ಎಂದು ಕೇಳಿ ಕೇಳಿ, ಅಲ್ಲೇ ಗೀಚಿ, ಅಲ್ಲೇ ಉಜ್ಜಿ ಕೊಡುತ್ತಿದ್ದಳು. ಡಬ್ಬವೊಂದೂ ಉಳಿಯದ ದಿನ “ಹೋಗು ಇನ್ನು” ಎಂದಳು.

ಹಿಮ ಬೀಳುವ ಮೊದಲಿನ ದೊಡ್ಡ ಬೇಟೆಯಲ್ಲಿ ಮೇಲಿನ ಇಳಿಜಾರು ಒಂದು ಸಲ ಕೂಗಿತು. ಆ ಜಾಗವಿಡೀ ಕಿವಿ ನಿಮಿರಿಸಿ ಕಾಯಿತು. ಮತ್ತೆ ಕೂಗಲಿಲ್ಲ.

ಹಂದಿ ದೊಡ್ಡದಿತ್ತು, ಪ್ರತಿ ಮನೆಯ ಒಲೆಯ ಮೇಲೂ ಹೊಗೆಗೆ ಕಟ್ಟುವಷ್ಟು ಪಾಲು ಬಂತು. ಹಂದಿ ಹೊತ್ತವರ ಹಿಂದೆ ಇಳಿದು ಬರುತ್ತಿದ್ದ ಅಣ್ಣನನ್ನು ಹಿಡಿಯಕ್ಕ ದೂರದಿಂದ ನೋಡಿದಳು. ಯಾವಾಗಲೂ ಅವನ ಎಡಕ್ಕೆ ನಡೆಯುತ್ತಿದ್ದ ಅತ್ತಿಗೆ ಬಲಕ್ಕೆ ಬಂದಿದ್ದಳು. ಕಲ್ಲು ಬಂದಲ್ಲಿ, ಕೊಂಬೆ ಬಂದಲ್ಲಿ, ಏನೋ ಮಾತಾಡುವ ನೆವದಲ್ಲಿ ಮೊಣಕೈ ಮುಟ್ಟುತ್ತಿದ್ದಳು. ಯಾರು ಹೇಳಿದರೋ, ಯಾವಾಗ ಹೇಳಿದರೋ. ಅಂಗಳಕ್ಕೆ ಬಂದವಳು ಹಿಡಿಯಕ್ಕನ ಕೈಯನ್ನು ಸುಮ್ಮನೆ ಒಮ್ಮೆ ಹಿಡಿದು, ಬಿಟ್ಟು, ಒಳಗೆ ಹೋದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಜನ ಕಣ್ಣಿಗೆ ಕಂಡದ್ದನ್ನು ಕೂಡಿಸಿ ನೋಡಿದರು. ಕಣ್ಣಿಗೆ ನೆಟ್ಟಗೇ ಕಂಡಿದ್ದ ಹಿಡಿಯಲ್ಲಿ ಒಂದೀಡು ತಪ್ಪಿದ; ಹಾವಿನ ಹಾಗೆ ಹೊರಳಿದ ಹಿಡಿಯಲ್ಲಿ ಒಂದೇ ಈಡಿಗೆ ಹೊಡೆದ. ಹಾಗಾದರೆ ಗುಟ್ಟು ಬಾಗಿನಲ್ಲಿದೆ! ಹಿಡಿಯಕ್ಕ ಏನೋ ಹೊಸದನ್ನು ಕಂಡುಹಿಡಿದಿದ್ದಾಳೆ, ಮೊದಲು ತಪ್ಪೆಂದು ಒಪ್ಪಿಕೊಂಡದ್ದೆಲ್ಲ ಬರೀ ನಾಟಕ. ಬಂದೂಕು ವಾಪಸ್ಸು ಒಯ್ದ ಗುಡ್ಡದಾಚೆಯವನು ಅದನ್ನು ಮತ್ತೆ ಹೊತ್ತು ತಂದು, ಬಾಗಿದ ಹಿಡಿ ಬೇಕೆಂದ. ಕುರಿಯವಳು ನಾಚಿಕೊಳ್ಳುತ್ತ ಬಂದು, ಇದ್ದರೆ ತನಗೂ ಬಾಗಿದ್ದೇ ಇರಲಿ ಎಂದಳು; ಹಿಡಿಯಕ್ಕ ಅವಳಿಗೆ ಅಟ್ಟದಿಂದ ಅದೇ ಹಳೆಯ ಬಟ್ಟೆಯ ಸುರುಳಿ ಇಳಿಸಿ, ಕಣ್ಣು ಮುಚ್ಚಿಸಿ, ಎತ್ತಿಸಿ, “ಇದಕ್ಕಿಂತ ಒಳ್ಳೇದು ನಿನಗಿಲ್ಲ ಕಣೇ” ಎಂದು ಕೈಗೆ ಕೊಟ್ಟು ಕಳಿಸಿದಳು. ಮಿಕ್ಕವರಿಗೂ ಏನೇನೋ ನೆವ ಹೇಳಿದಳು. ಕೆಲವರು ನಂಬಿದರು. ಕೆಲವರು ಮನೆಯಲ್ಲೇ ತಮ್ಮ ಹಿಡಿಯನ್ನು ಆವಿಗೆ ಹಿಡಿದು ಬಗ್ಗಿಸಲು ಹೋಗಿ ಮುರಿದು, ತಲೆ ತಗ್ಗಿಸಿಕೊಂಡು ತಂದರು.

ರೇಡಿಯೊ ಮಾತ್ರ ಬಿಡುವ ಪೈಕಿಯಲ್ಲ. ಅಂಗಡಿಗೆ ಬೀಗ ಹಾಕಿಕೊಂಡೇ ಬಂದ. ಅವಳು ಅಂಗಳದಲ್ಲಿ ಹಲಗೆಗಳ ತುದಿಗೆ ಮೇಣ ಬಳಿಯುತ್ತಿದ್ದಳು.

“ನನ್ನ ಸೌದೆಮನೆ ಮರದಿಂದ ಮಾಡಿದ್ದು ಅದು. ನನಗಿಲ್ಲ ಅಂದ್ರೆ ಹೇಗೆ?”

“ನಿನಗೆ ನೆಟ್ಟಗಿನದೇ ಚೆಂದ.”

“ನೆಟ್ಟಗಿನದ್ರಲ್ಲಿ ನಾನು ಮೊಲಾನೂ ಹೊಡೆದಿಲ್ಲ.”

“ಅದು ಹಿಡಿ ತಪ್ಪಲ್ಲ. ನೀನು ಗುರಿ ಹಿಡಿಯೋವಾಗ್ಲೂ ಮಾತಾಡ್ತೀಯ. ಮೊಲ ಕೇಳಿಸ್ಕೊಂಡು ಹೋಗುತ್ತೆ.”

“ತಮಾಷೆ ಬೇಡ. ಬಾಗಿದ್ದು ಯಾಕೆ ಆಗಲ್ಲ, ಅದನ್ನ ಹೇಳು.”

“ನಿನ್ನ ಮೂಗು ಅಡ್ಡ ಬರುತ್ತೆ.”

“ನಿಮ್ಮಣ್ಣಂಗೆ ಮೂಗಿಲ್ವಾ?” ರೇಡಿಯೊ ಅವಳೆದುರು ಬಂದು ಕುಕ್ಕರಗಾಲಿನಲ್ಲಿ ಕೂತ. “ನೋಡು, ಸರಿಯಾಗಿ ನೋಡು ನನ್ನ ಮುಖಾನ. ಅವನ ಮುಖದಲ್ಲಿ ಇರೋ ಅಂಥದ್ದು ನನ್ನ ಮುಖದಲ್ಲಿ ಏನಿಲ್ಲ?”

ಹಿಡಿಯಕ್ಕ ನೋಡಿದಳು. ಅವನ ಎರಡು ಕಣ್ಣೂ ದುಂಡಗೆ, ಫಳಫಳ ಹೊಳೆಯುತ್ತ, ಏನನ್ನೂ ಬಿಡದೆ ಅವಳ ಮುಖದ ಮೇಲೇ ಇದ್ದವು. ಅವಳ ಬಾಯಿಗೆ ಒಂದು ಮಾತು ಬಂತು. ಒಳ್ಳೆಯ ಮಾತು, ಅವನು ಬಿದ್ದು ಬಿದ್ದು ನಗುವಂಥದ್ದು, ಸಂಜೆಯೊಳಗೆ ಎಲ್ಲರೂ ನಗುವಂಥದ್ದು, ಮರುದಿನ ಅಣ್ಣನ ಕೈಗೆ ಡಬ್ಬ ಕೊಡಿಸುವಂಥದ್ದು. ಅವಳು ಅದನ್ನು ನುಂಗಿದಳು. ಮೇಣದ ಬಟ್ಟಲನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

“ಎಲ್ಲಿಗೆ?”

“ಎಣ್ಣೆ ಒಲೆ ಮೇಲಿದೆ.”

“ಒಲೆ ಎಲ್ಲಿ ಉರೀತಿದೆ? ಹೊಗೆನೇ ಇಲ್ಲ! ಹಿಡಿಯಕ್ಕಾ, ನಾನು ಕೇಳಿದ್ದು ಏನು? ಅಲ್ಲ, ಕೊಟ್ಟಿಗೆ ಆ ಕಡೆ ಇದೆ, ನೀನು ಎತ್ತ...”

ಅವಳು ಅಷ್ಟರಲ್ಲಿ ಅಂಗಳದ ಬೇಲಿ ದಾಟಿ, ಅಗೆದು ಮುಗಿದ ಆಲೂಗಡ್ಡೆ ಹೊಲದ ನಡುವೆ ಬಿರಬಿರನೆ ನಡೆದುಹೋಗುತ್ತಿದ್ದಳು.